ಬ್ಯಾಸಗಿ ವೇಳೆ 1.30ಕ್ಕ ಕಚೇರಿ ಮುಗೀತದ, ಫೋನ್ ಯಾವಾಗ ಮುಗೀಬೇಕು?

ಭೀಮಾ_ದಂಡಿ (ಪ್ರಶ್ನೆ)

ಯಾದಗಿರಿ ಜಿಲ್ಲಾದ ಒಂದು ತಾಲ್ಲೂಕು ಮಟ್ಟದ ಕಚೇರಿ ಸಲುವಾಗಿ ಕೇಳ್ಳಿಕತ್ತೀನಿ. ಮಂಜೂರಾದ ಹುದ್ದೆ 9, ಕುರ್ಚಿಮ್ಯಾಲೆ ಇರೋರು 4 ಮಂದಿ. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗಕ್ಕ ಮುಂಜಾನಿ 8ರಿಂದ ಮಧ್ಯಾಹ್ನ 1.30ರ ತನಕ ಅಂತ ವೇಳೆ ಬದಲಿ ಆದೇಶ ಬರ್ತದ. ಕಾಗದದ ಮ್ಯಾಲೆ ಬರೋಬ್ಬರಿ ಅದ. ಆದ್ರ ಬೆಂಗಳೂರಿನ ಕಚೇರಿಗಳು 10ರಿಂದ 5.30ರ ತನಕ ನಡೀತಾವ. ಅಲ್ಲಿಂದ 4ಕ್ಕ ಮಾಹಿತಿ ಕೇಳ್ತಾರ, ಜಿಲ್ಲಾದೋರು 5ಕ್ಕ ಗ್ರೂಪಿಗೆ ಹಾಕ್ತಾರ, ಕೆಳಗ ಎರಡೇ ಶಬ್ದ: "ಇವತ್ತೇ ಬೇಕು". ಹಿಂಗಾಗಿ ವೇಳೆ ಕಡಿಮಿ ಆಗೋ ಬದಲಿ ಎರಡೂ ಕಡೆ ಹಿಗ್ಗೇದ. ಮುಂಜಾನಿ ಎರಡು ತಾಸು ಮೊದಲೇ ಸುರು, ರಾತ್ರಿ 9, 10ರ ತನಕ ಮುಗಿಯಂಗಿಲ್ಲ. ವಾಟ್ಸಾಪ್ ಗ್ರೂಪ್ ಒಟ್ಟು 14.

ಸಿಬ್ಬಂದಿ ಮ್ಯಾಲೆ ಆಗಿದ್ದು: ಕೂಡಿಸಿದ ಮೊತ್ತ ತಪ್ಪಾಕತ್ಯಾವ, ಅರ್ಜಿ ಹಿಡ್ಕೊಂಡು ಬಂದ ಮಂದಿಮ್ಯಾಲೆ ರೇಗೋದು ಹೆಚ್ಚಾಗೇದ, ರವಿವಾರ ಸಂಜಿ ಆದ್ರ ಹೊಟ್ಟ್ಯಾಗ ಸಂಕಟ.

"ಗಡಿ ಹಾಕ್ಕೋರಿ" ಅಂತ ಎಲ್ಲಾರೂ ಅಂತಾರ. ಯಾವುದು ಮೊದಲು, ಎಷ್ಟು, ಸಾಹೇಬ್ರಿಗೆ ಏನಂತ ಹೇಳ್ಬೇಕು, ಎಲ್ಲಿ ತಪ್ತದ? ಅಷ್ಟು ಹೇಳ್ರಿ. "ಯೋಗ ಮಾಡ್ರಿ" ಅನ್ನೋ ಉತ್ತರ ಬ್ಯಾಡ್ರಿ.

ಕರಿಮಣ್ಣು

ಹೊಲಕ್ಕ ಬದು ಹಾಕಿದೋರಿಗೆ ಇದು ಜಲ್ದಿ ತಿಳೀತದ. ಕರಿಮಣ್ಣಿನಾಗ ಬದು ಏರಿಸಿ, ನೀರು ಹಾಯಾಕ ಕಲ್ಲಿನ ಕೋಡಿ ಬಿಡದಿದ್ರ ಮೊದಲನೇ ದೊಡ್ಡ ಮಳಿಗೇ ಬದು ಒಡೀತದ, ಮಣ್ಣೂ ಕೊಚ್ಚಿ ಹೋಗ್ತದ. "ಒಂದೂವರಿ ಆದ್ಮ್ಯಾಲೆ ಫೋನ್ ಎತ್ತಂಗಿಲ್ಲ" ಅನ್ನೋದು ಕೋಡಿ ಇಲ್ಲದ ಬದು. ಒಂದು ಕೋರ್ಟ್ ಕೆಲಸ ಸಂಜಿ ಬಂತಂದ್ರ ಒಡೀತು. ಆಮ್ಯಾಲೆ ಮತ್ತ ಕಟ್ಟಾಕ ಯಾರಿಗೂ ಮುಖ ಇರಂಗಿಲ್ಲ. ಅದಕ್ಕ ಮೊದಲು ಕೋಡಿ ಎಲ್ಲಿ ಅಂತ ಗುರ್ತು ಮಾಡ್ರಿ, ಬದು ಆಮ್ಯಾಲೆ.

ಮೊದಲ ಎರಡು ವಾರ ಏನೂ ಬದಲಿಸಬ್ಯಾಡ್ರಿ, ಬರೇ ಎಣಿಸ್ರಿ. ಒಂದು ನೋಟ್‌ಬುಕ್ಕಿನಾಗ ಆರು ಮನಿ ಗೆರಿ ಎಳೀರಿ: ಎಷ್ಟಕ್ಕ ಬಂತು, ಯಾರಿಂದ, ಏನು ಕೇಳಿದ್ರು, ಖರೇ ಗಡುವು ಯಾವಾಗ, ಎಷ್ಟು ನಿಮಿಷ ಹಿಡೀತು, ಮರುದಿನ 8ಕ್ಕ ಕೊಟ್ಟಿದ್ರ ಏನು ಕೆಡ್ತಿತ್ತು. ಕಡೀ ಮನಿನೇ ಮುಖ್ಯ. ಎರಡು ವಾರ ಯಾಕಂದ್ರ ತಿಂಗಳ ಕೊನೀ ವಾರ ಮಾಸಿಕ ವರದಿ ಸಲುವಾಗಿ ಬ್ಯಾರೆ ಇರ್ತದ, ನಡುವಿನ ವಾರ ಬ್ಯಾರೆ. ಒಂದನ್ನೇ ಎಣಿಸಿದ್ರ ಲೆಕ್ಕ ಸೊಟ್ಟ ಬರ್ತದ.

ಎಣಿಸಿ ಆದ್ಮ್ಯಾಲೆ ಗುಂಪು ಮಾಡ್ರಿ. ಖರೇ ತುರ್ತು ಅಂದ್ರ ನ್ಯಾಯಾಲಯದ ಗಡುವು, ಅಧಿವೇಶನ ನಡೀವಾಗ ವಿಧಾನಸಭಾ ಪ್ರಶ್ನೆಗೆ ಉತ್ತರ, ಬೆಂಕಿ, ನೆರೆ, ಸಾವು, ಚುನಾವಣೆ. ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು ಬಿಟ್ಟು ಭೀಮಾ ನದಿ ಏರಿದ್ರ ಯಾವ ಗಡಿನೂ ಇಲ್ಲ. 2020ರ ಅಕ್ಟೋಬರ್‌ದಾಗ ಏರಿದಾಗ ಹಂಗೇ ಆತು. ಇವು ಕೋಡಿಯಾಗಿನ ನೀರು, ತಡೀಬಾರ್ದು.

ಎರಡನೇದು, ಅದೇ ಮಾಹಿತಿ ಬ್ಯಾರೆ ನಮೂನ್ಯಾಗ. ಸಂಜಿ ಬರೋದು ಹೆಚ್ಚಾಗಿ ಇದೇ. ಮೂರು ಶಾಖೆ ಒಂದೇ ಅಂಕಿ ಮೂರು ಫಾರ್ಮ್ಯಾಟಿನಾಗ ಕೇಳ್ತಾವ. ಇದಕ್ಕ ಮದ್ದು "ಇಲ್ಲ" ಅನ್ನೋದಲ್ಲ, ಒಂದು ತಾಯಿ ಶೀಟ್. ಹಿಂದಿನ ಎರಡು ತಿಂಗಳದಾಗ ಕೇಳಿದ ಎಲ್ಲಾ ಕಾಲಮ್ ಒಂದೇ ಎಕ್ಸೆಲ್ಲಿನಾಗ ಹಾಕಿ, ಮ್ಯಾಲೆ "ದಿನಾಂಕ ಇಂಥಾದ್ದು, 12.30ರ ವರೆಗಿನ ಸ್ಥಿತಿ" ಅಂತ ಬರೀರಿ. ದಿನಾ 12.30ಕ್ಕ ಅಂಕಿ ತುಂಬಿ 1 ಗಂಟೆಗೆ ನೀವಾಗೇ ಗ್ರೂಪಿಗೆ ಹಾಕ್ರಿ. 5ಕ್ಕ ಕೇಳೋರಿಗೆ 1ರ ಅಂಕಿ ಕೈಯಾಗ ಇದ್ರ ಅರ್ಧಕ್ಕರ್ಧ ಮಂದಿ ಕೇಳಂಗೇ ಇಲ್ಲ. ಇಲ್ಲಿ ಆಗೋ ತಪ್ಪು ಒಂದೇ: ಮೊದಲ ವಾರ ಹುರುಪಿನಿಂದ ಹಾಕಿ ಎರಡನೇ ವಾರ ಮೂರು ದಿನ ತಪ್ಪಿಸೋದು. ಒಮ್ಮೆ ಭರವಸೆ ಹೋತಂದ್ರ ಮತ್ತ ಫೋನ್ ಸುರು. ತುಂಬಾಕ 20 ನಿಮಿಷಕ್ಕಿಂತ ಹೆಚ್ಚು ಹಿಡದ್ರ ಕಾಲಮ್ ಕಡಿಮಿ ಮಾಡ್ರಿ, ದಿನ ತಪ್ಪಿಸಬ್ಯಾಡ್ರಿ.

ಮೂರನೇದು ಶುಭಾಶಯ, ಫಾರ್ವರ್ಡ್, ಕಾರ್ಯಕ್ರಮದ ಫೋಟೋ. ಅದರ ಬಗ್ಗೆ ಏನು ಬರಿಯೋದು.

ಇನ್ನ ಕೋಡಿ. ಇರೋದು 4 ಮಂದಿ. ಸಂಜಿ ಪಾಳಿ ಹಚ್ಚರಿ: ಒಂದು ಸಂಜಿಗೆ ಒಬ್ಬರು, 4.30ರಿಂದ 6.30. ಉಳಿದ ಮೂವರ ಫೋನ್ ಪೂರಾ ಬಂದ್. ಒಬ್ಬರಿಗೆ ನಾಲ್ಕು ದಿನಕ್ಕೊಮ್ಮೆ ಬರ್ತದ. 6.30 ಆದ್ಮ್ಯಾಲೆ ಬರೇ ಕರೆ, ಅದೂ ಮ್ಯಾಲೆ ಹೇಳಿದ ಖರೇ ತುರ್ತಿಗೆ. ಪಾಳಿ ಕೆಡೋದು ಎರಡು ಕಾರಣಕ್ಕ. ಪಾಳಿಯವರಿಗೆ ಬ್ಯಾರೆಯವರ ಕಡತದ ಸುದ್ದಿ ಗೊತ್ತಿರಂಗಿಲ್ಲ, ಹಿಂಗಾಗಿ ಅವರು ಮತ್ತ ಮೂವರಿಗೂ ಫೋನ್ ಹಚ್ತಾರ. ಅದಕ್ಕ ಪ್ರತಿಯೊಬ್ಬರೂ 1.15ಕ್ಕ ಐದು ಸಾಲು ಬರೆದು ಕೊಡ್ಬೇಕು: ಯಾವ ಕಡತ ಎಲ್ಲಿ ಅದ, ಯಾರ ಕಡಿಂದ ಏನು ಬರೋದದ, ಇವತ್ತು ಯಾರು ಕೇಳಬಹುದು. ಎರಡನೇದು, ಚುರುಕಿದ್ದವರ ಮ್ಯಾಲೇ ಎಲ್ಲಾ ಬೀಳೋದು. ಪಾಳಿ ಯಾರದೇ ಇರ್ಲಿ, ಸಾಹೇಬ್ರು ಕಂಪ್ಯೂಟರ್ ಬಲ್ಲವರಿಗೇ ಫೋನ್ ಮಾಡ್ತಾರ. ಆ ಒಬ್ಬರು "ಇವತ್ತಿನ ಪಾಳಿ ಇಂಥವರದು ಸರ್, ಅವರಿಗೆ ಹೇಳ್ತೀನಿ" ಅಂತ ಒಂದು ತಿಂಗಳು ಬಿಡದಂಗ ಹೇಳ್ಬೇಕು. ಒಂದು ಸಲ ತಾವೇ ಮಾಡಿ ಕೊಟ್ರ ಪಾಳಿ ಮುಗೀತು.

ಕಾರಂಜಾ_ನೀರು

ಆರೋಗ್ಯದ ಕಡೆಯಿಂದ ಎರಡು ಮಾತು, ಏಕೆಂದರೆ ಪ್ರಶ್ನೆಯಲ್ಲಿ ಬರೆದ ಲಕ್ಷಣಗಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರ ಮೇ ತಿಂಗಳಲ್ಲಿ ಐಸಿಡಿ-11 ಎಂಬ ತನ್ನ ರೋಗಗಳ ಪಟ್ಟಿಯಲ್ಲಿ ಬರ್ನೌಟ್‌ಗೆ ವಿವರಣೆ ಕೊಟ್ಟಿತು. ಅದನ್ನು ರೋಗ ಎಂದಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಕರೆದಿದೆ. ಮೂರು ಗುರುತು ಕೂಡಿರಬೇಕು: ಶಕ್ತಿ ಬತ್ತಿ ಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಒಣ ತಾತ್ಸಾರ ಬರುವುದು, ಮಾಡುವ ಕೆಲಸ ಕೈಗೆ ಹತ್ತದಂತಾಗುವುದು. ಮಂದಿಯ ಮೇಲೆ ರೇಗುವುದು ಎರಡನೆಯದು, ಮೊತ್ತ ತಪ್ಪುವುದು ಮೂರನೆಯದು. ಬರೀ ದಣಿವಿದ್ದರೆ ಎರಡು ದಿನ ಮಲಗಿದರೆ ಹೋಗುತ್ತದೆ. ಇದು ಹಾಗೆ ಹೋಗುವುದಿಲ್ಲ.

ಈಗ ಗಂಟೆಗಳ ಲೆಕ್ಕ ಹಾಕಿ. 8ರಿಂದ 1.30 ಅಂದರೆ ದಿನಕ್ಕೆ ಐದೂವರೆ ಗಂಟೆ, ಆರು ದಿನಕ್ಕೆ 33. ಸಂಜೆ ದಿನಕ್ಕೆ ಮೂರು ಗಂಟೆ ಫೋನು, ಲ್ಯಾಪ್‌ಟಾಪು ಎಂದರೆ ಏಳು ದಿನಕ್ಕೆ ಇನ್ನೂ 21. ಒಟ್ಟು 54. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜಿನಲ್ಲಿ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17 ಹೆಚ್ಚು. "ಅರ್ಧ ದಿನದ ಕಚೇರಿ" ಎಂದು ಊರ ಮಂದಿ ಕರೆಯುವ ವೇಳೆಯಲ್ಲೇ ನೀವು ಆ ಗೆರೆಯ ಹತ್ತಿರ ನಿಂತಿದ್ದೀರಿ.

ಬೇಸಿಗೆಯಲ್ಲಿ ಮೊದಲು ಕಾಯಬೇಕಾದದ್ದು ನಿದ್ದೆಯನ್ನು. 8ಕ್ಕೆ ಕುರ್ಚಿಯಲ್ಲಿರಬೇಕಾದವರು 5.30ಕ್ಕೆ ಏಳಬೇಕು, ಕಲಬುರಗಿಯಿಂದ ಯಾದಗಿರಿಗೆ ರೈಲು ಹಿಡಿಯುವವರು ಇನ್ನೂ ಮೊದಲೇ. ಏಳು ಗಂಟೆ ನಿದ್ದೆ ಬೇಕೆಂದರೆ 10.30ಕ್ಕೆ ಕಣ್ಣು ಮುಚ್ಚಿರಬೇಕು, ಅಂದರೆ 9.30ಕ್ಕೆ ಫೋನು ಕೈ ಬಿಡಬೇಕು. ಆ ಹೊತ್ತಿಗೆ ಗೋಡೆಗಳು ಇನ್ನೂ ಹಗಲಿನ ಬಿಸಿ ಉಗುಳುತ್ತಿರುತ್ತವೆ. ಹಗಲು 42, 43 ಡಿಗ್ರಿ ಕಾದ ತಾರಸಿ ಮನೆಗೆ ಸಂಜೆ 6ರ ನಂತರ ತಾರಸಿಗೆ ನೀರು ಹೊಡೆದು, ಎದುರುಬದುರು ಕಿಟಕಿ ತೆಗೆದರೆ ಕೂಲರ್ ಮೇಲಿನ ಭಾರ ಇಳಿಯುತ್ತದೆ. ಕಿಟಕಿ ಎಲ್ಲಾ ಮುಚ್ಚಿ ಕೂಲರ್ ಹಚ್ಚಿದರೆ ಒಳಗೆ ತೇವ ತುಂಬಿ ಬೆವರು ಆರುವುದಿಲ್ಲ. ಮಧ್ಯಾಹ್ನದ ನಿದ್ದೆ 20ರಿಂದ 30 ನಿಮಿಷ, 3 ಗಂಟೆಯೊಳಗೆ. ಎರಡು ಗಂಟೆ ಮಲಗಿದರೆ ಎದ್ದಾಗ ತಲೆ ಭಾರ, ರಾತ್ರಿ ನಿದ್ದೆ ಹಾರುತ್ತದೆ. ಚಹಾದ ಕೆಫೀನು ಅರ್ಧ ಇಳಿಯಲಿಕ್ಕೇ ಸುಮಾರು 5 ಗಂಟೆ ಬೇಕು, ಹಾಗಾಗಿ ಕೊನೆಯ ಕಪ್ 4ಕ್ಕೆ.

ಇನ್ನೊಂದು, ಕಚೇರಿಯನ್ನು ಮುಚ್ಚುವ ರೀತಿ. ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ, ಫೋನು ಬಂದಾದರೂ. 1.15ಕ್ಕೆ ಹನ್ನೆರಡು ನಿಮಿಷ ತೆಗೆದಿಡಿ. ಅರ್ಧಕ್ಕೆ ನಿಂತ ಕಡತಗಳ ಮೇಲೆ ಮುಂದಿನ ಹೆಜ್ಜೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ಪಿಂಚಣಿ ಕಡತ" ಎಂದಲ್ಲ, "ನಾಳೆ 8.15ಕ್ಕೆ ಸೇವಾ ಪುಸ್ತಕದ ಪುಟ ಹೋಲಿಸುವುದು" ಎಂದು. 2018ರಲ್ಲಿ ಬೇಲರ್ ವಿಶ್ವವಿದ್ಯಾಲಯದವರು 57 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ಮಲಗುವ ಮೊದಲು ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸರಾಸರಿ 9 ನಿಮಿಷ ಮೊದಲು ನಿದ್ದೆಗೆ ಜಾರಿದರು. ಎಷ್ಟು ಬಿಡಿಬಿಡಿಯಾಗಿ ಬರೆದರೋ ಅಷ್ಟು ಬೇಗ. ಸಣ್ಣ ಪ್ರಯೋಗ, ಆದರೆ ಖರ್ಚಿಲ್ಲದ್ದು.

ಗಡಿ ಹಾಕಿಯೂ ಹೋಗದ ದಣಿವಿದ್ದರೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಬಿ-12, ಉಪವಾಸದ ಸಕ್ಕರೆ. ಜೊತೆಗೆ ಬಿಪಿ. ರಕ್ತಹೀನತೆಯನ್ನೂ ಥೈರಾಯ್ಡನ್ನೂ "ಕೆಲಸದ ಒತ್ತಡ" ಎಂದುಕೊಂಡು ವರ್ಷ ದೂಡುವವರು ಬಹಳ. ಬರ್ನೌಟ್ ಸಾಮಾನ್ಯವಾಗಿ ಕೆಲಸದ ಸುತ್ತಲೇ ಇರುತ್ತದೆ. ಹಬ್ಬ, ಮಕ್ಕಳು, ಊಟ ಯಾವುದರಲ್ಲೂ ರುಚಿ ಇಲ್ಲದೆ ಎರಡು ವಾರ ದಾಟಿದರೆ ಅದು ಖಿನ್ನತೆ ಇರಬಹುದು, ಪಾಳಿ ಪಟ್ಟಿಯಿಂದ ವಾಸಿಯಾಗುವುದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಸಾಯುವ ಯೋಚನೆ ಬಂದರೆ ಕಾಯಬೇಡಿ, ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಬೇಡಿ.

ಸುರಂಗ_ಬಾವಿ

ಫೋನಿನ ಕಡೀಂದ. ಇಲ್ಲೇ ಮಂದಿ ಎಡವೋದು.

ಸಿಮ್ ಆಫ್ ಮಾಡಿದ್ರ ವಾಟ್ಸಾಪ್ ನಿಲ್ಲಂಗಿಲ್ಲ, ಅದು ಇಂಟರ್ನೆಟ್ ಮ್ಯಾಲೆ ನಡೀತದ. ಎರಡನೇ ನಂಬರ್ ತಗೊಂಡು ಕಚೇರಿ ಗ್ರೂಪ್ ಎಲ್ಲಾ ಆ ನಂಬರಿನ ವಾಟ್ಸಾಪ್ ಬಿಸಿನೆಸ್‌ಗೆ ಸಾಗಿಸ್ರಿ. ಆ್ಯಪ್ ಉಚಿತ, ಒಂದೇ ಫೋನಿನಾಗ ಎರಡೂ ನಡೀತಾವ. ಅದರಾಗ "ಅವೇ ಮೆಸೇಜ್" ಅಂತ ಅದ, ಕಚೇರಿ ವೇಳೆ ಹಾಕಿ "ಔಟ್‌ಸೈಡ್ ಆಫ್ ಬಿಸಿನೆಸ್ ಅವರ್ಸ್" ಆರಿಸ್ರಿ. ಬರೀಬೇಕಾದ್ದು ಇಷ್ಟೇ: "ಕಚೇರಿ ವೇಳೆ 8ರಿಂದ 1.30. ಇಂದಿನ ಅಂಕಿ 1 ಗಂಟೆಗೆ ಗ್ರೂಪಿನಲ್ಲಿದೆ. ನ್ಯಾಯಾಲಯ, ಅಧಿವೇಶನ, ಅವಘಡ ಇದ್ದರೆ ಪಾಳಿಯವರಿಗೆ ಕರೆ ಮಾಡಿ." ಎರಡು ಮಿತಿ ನೆನಪಿಡ್ರಿ. ಇದು ಗ್ರೂಪಿನಾಗ ಹೋಗಂಗಿಲ್ಲ, ಒಬ್ಬೊಬ್ಬರಾಗಿ ಬರೆದೋರಿಗೆ ಅಷ್ಟೇ. ಫೋನಿಗೆ ನೆಟ್ ಇಲ್ಲದಾಗೂ ಹೋಗಂಗಿಲ್ಲ.

ಗ್ರೂಪ್ ಮ್ಯೂಟ್ ಮಾಡುವಾಗ "8 ತಾಸು" ಬ್ಯಾಡ, "ಆಲ್ವೇಸ್" ಕೊಡ್ರಿ. ಮ್ಯೂಟ್ ಇದ್ರೂ ನಿಮ್ಮ ಹೆಸರಿಗೆ ಆ್ಯಟ್ ಹಚ್ಚಿ ಕರೆದ್ರ, ಇಲ್ಲಾ ನಿಮ್ಮ ಮೆಸೇಜಿಗೇ ರಿಪ್ಲೈ ಮಾಡಿದ್ರ ಗಂಟಿ ಬಾರಿಸ್ತದ. ಅಂದ್ರ ಜಿಲ್ಲಾದೋರಿಗೆ ಒಂದೇ ವಿನಂತಿ ಸಾಕು: ಪಾಳಿಯವರ ಹೆಸರು ಹಚ್ಚಿ ಬರೀರಿ ಅಂತ.

ಡು ನಾಟ್ ಡಿಸ್ಟರ್ಬ್ (ಡಿಎನ್‌ಡಿ) ತಾನಾಗೇ ಹತ್ತಂಗ ರಾತ್ರಿ 9.30ರಿಂದ ಮುಂಜಾನಿ 5.30ರ ತನಕ ಶೆಡ್ಯೂಲ್ ಹಾಕ್ರಿ. "ರಿಪೀಟ್ ಕಾಲರ್ಸ್" ಆನ್ ಇಡ್ರಿ. 15 ನಿಮಿಷದೊಳಗ ಅದೇ ನಂಬರ್ ಎರಡನೇ ಸಲ ಹಚ್ಚಿದ್ರ ಆಂಡ್ರಾಯ್ಡ್ ಫೋನ್ ಗಂಟಿ ಬಾರಿಸ್ತದ. ಮನ್ಯಾಗಿನ ಹಿರಿಯರ ನಂಬರ್ ಸ್ಟಾರ್ ಮಾಡಿ ಯಾವಾಗ್ಲೂ ಬಿಡ್ರಿ. "ಅವ್ವಗ ಏನರ ಆದ್ರ" ಅನ್ನೋ ಅಂಜಿಕಿಂದನೇ ಬಹಳ ಮಂದಿ ಡಿಎನ್‌ಡಿ ಹಚ್ಚಂಗಿಲ್ಲ.

ನೀಲಿ ಗೀಟಿನ ರೀಡ್ ರಿಸೀಟ್ ಆಫ್ ಮಾಡಿದ್ರ ಆತು ಅನ್ಕೋಬ್ಯಾಡ್ರಿ. ಗ್ರೂಪಿನಾಗ ಅದು ಆಫ್ ಆಗಂಗಿಲ್ಲ, ಯಾರು ನೋಡ್ಯಾರ ಅಂತ ಕಾಣ್ತದ. ರಾತ್ರಿ ಬರೇ ತೆರೆದು ನೋಡಿದ್ರೂ ನೀವು ಪಾಳಿಯಾಗ ಇದ್ದಂಗೇ ಲೆಕ್ಕ.

ಹಳೇ_ಟಪಾಲು

ತಂತ್ರಾಂಶವೆಲ್ಲಾ ಸರಿ, ಆದರೆ ಸರ್ಕಾರಿ ನೌಕರನಿಗೆ ಆಡುವ ಭಾಷೆ ಮುಖ್ಯ. ಗ್ರೂಪಿನಲ್ಲಿ "ಕಚೇರಿ ವೇಳೆ ಮುಗಿದಿದೆ" ಎಂದು ಬರೆಯಬೇಡಿ. ನಿಯಮ ನಿಮ್ಮ ಕಡೆಗಿದ್ದರೂ ಹತ್ತು ಮಂದಿಯ ಎದುರು ಬರೆದದ್ದು ಧಿಕ್ಕಾರ ಎನಿಸುತ್ತದೆ, ಆಮೇಲೆ ನಿಮ್ಮ ಯಾವ ಮಾತೂ ಓಡುವುದಿಲ್ಲ. ಖಾಸಗಿಯಾಗಿ, ಬೆಳಿಗ್ಗೆ, ಟಪಾಲು ನೋಡಿ ಆದ ನಂತರ ಕೇಳಿ. ವಿ.ಸಿ. (ವಿಡಿಯೋ ಕಾನ್ಫರೆನ್ಸ್) ಇರುವ ದಿನ ಬೇಡ.

ಕೇಳುವಾಗ "ನಮಗೆ ಆಗುತ್ತಿಲ್ಲ ಸರ್" ಬೇಡ. ಆಯ್ಕೆಯನ್ನು ಅವರ ಮುಂದೆ ಇಡಿ: "ಇವತ್ತು ಮೂರು ವರದಿ ಅವ ಸರ್. 1.30ರೊಳಗ ಎರಡು ಬರೋಬ್ಬರಿ ಆಗ್ತಾವ. ಯಾವ ಎರಡು ಮೊದಲು ಮಾಡ್ಲಿ?" ಇದು ನಿರಾಕರಣೆ ಅಲ್ಲ, ಆದ್ಯತೆ ತೀರ್ಮಾನಿಸುವುದು ಅಧಿಕಾರಿಯ ಕೆಲಸವೇ. ಮೂರೂ ಬೇಕು ಎಂದರೆ "ಮೂರನೇದು ಪರಿಶೀಲನೆ ಇಲ್ಲದೇ ಹೋಗ್ತದ ಸರ್, ಅಂಕಿ ತಪ್ಪಿದ್ರ ಮ್ಯಾಲಿಂದ ವಾಪಸ್ ಬರ್ತದ" ಎನ್ನಿ. ಬೆದರಿಕೆಯಂತೆ ಹೇಳಬೇಡಿ, ಮಾಹಿತಿ ಎಂಬಂತೆ ಹೇಳಿ.

ಪಾಳಿ ವ್ಯವಸ್ಥೆಯನ್ನು ಕಡತದಲ್ಲಿ ತನ್ನಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ಬದಲಾದ ದಿನ ಮುಗಿಯುತ್ತದೆ. ಟಿಪ್ಪಣಿ ಹೀಗಿದ್ದರೆ ಸಾಕು:

"ಮಾನ್ಯರೇ, ಬೇಸಿಗೆ ಅವಧಿಯಲ್ಲಿ ಕಚೇರಿ ವೇಳೆಯ ನಂತರ ಕೋರಲಾಗುವ ಮಾಹಿತಿಯನ್ನು ವಿಳಂಬವಿಲ್ಲದೆ ಒದಗಿಸುವ ಸಲುವಾಗಿ, ಪ್ರತಿದಿನ ಸಂಜೆ 4.30ರಿಂದ 6.30ರವರೆಗೆ ಒಬ್ಬ ಸಿಬ್ಬಂದಿಯನ್ನು ಸರದಿಯಂತೆ ನಿಯೋಜಿಸಲು ಹಾಗೂ ಪ್ರತಿದಿನ ಮಧ್ಯಾಹ್ನ 1 ಗಂಟೆಗೆ ಕ್ರೋಡೀಕೃತ ಮಾಹಿತಿಯನ್ನು ಸಲ್ಲಿಸಲು ಉದ್ದೇಶಿಸಿದೆ. ಪ್ರಾಯೋಗಿಕವಾಗಿ 15 ದಿನಗಳ ಅವಧಿಗೆ ಅನುಮೋದನೆ ಕೋರಿ ಸಲ್ಲಿಸಿದೆ."

ಗಮನಿಸಿ, ಇದರಲ್ಲಿ ದಣಿವು, ಒತ್ತಡ, ಹಕ್ಕು ಎಂಬ ಶಬ್ದವೇ ಇಲ್ಲ. "ವಿಳಂಬವಿಲ್ಲದೆ" ಇದೆ. ಸಹಿ ಬೀಳುವುದು ಅದಕ್ಕೆ. 15 ದಿನ ಎಂದರೆ ಯಾರಿಗೂ ಭಯ ಇಲ್ಲ, ನಡೆದರೆ ಮುಂದುವರಿಯುತ್ತದೆ.

ಫೋನಿನಲ್ಲಿ ಹೇಳಿದ ಕೆಲಸಕ್ಕೆ ಕೂಡಲೇ ಒಂದು ಸಾಲು: "ತಾವು ದೂರವಾಣಿಯಲ್ಲಿ ತಿಳಿಸಿದಂತೆ ಇಂಥ ಮಾಹಿತಿಯನ್ನು ನಾಳೆ ಬೆಳಿಗ್ಗೆ 9ಕ್ಕೆ ಸಲ್ಲಿಸಲಾಗುವುದು." ಅವರು ಏನೂ ಅನ್ನದಿದ್ದರೆ ಗಡುವು ನಾಳೆ 9 ಎಂದಾಯಿತು. ಖಂಡಿತ ಇವತ್ತೇ ಬೇಕಿದ್ದರೆ ಹೇಳುತ್ತಾರೆ, ಆಗ ಮಾಡಿ. ಆದರೆ 9 ಎಂದ ಮೇಲೆ 8.55ಕ್ಕೆ ಹೋಗಿರಬೇಕು. ಎರಡು ಸಲ ತಪ್ಪಿದರೆ ಈ ಸಾಲಿಗೆ ಬೆಲೆ ಉಳಿಯುವುದಿಲ್ಲ.

ಖಾಲಿ ಹುದ್ದೆಯ ಪ್ರಭಾರ ಹೊತ್ತಿದ್ದರೆ ಅದಕ್ಕೆ ಲಿಖಿತ ಆದೇಶ ಪಡೆಯಿರಿ. ಕೆಸಿಎಸ್ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 32 ಮತ್ತು 68 ಪ್ರಭಾರ ಮತ್ತು ಅದರ ಭತ್ಯೆಗೇ ಇರುವುದು. ಆದೇಶ ಇಲ್ಲದೆ ಹೊತ್ತ ಕೆಲಸಕ್ಕೆ ಭತ್ಯೆಯೂ ಇಲ್ಲ, ಹೊರೆ ಎಂಬ ದಾಖಲೆಯೂ ಇಲ್ಲ.

ರಜೆಯ ಬಗ್ಗೆ. ಸಾಂದರ್ಭಿಕ ರಜೆ ವರ್ಷಕ್ಕೆ 10, ಗಳಿಕೆ ರಜೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮಾ. ರಜೆಯನ್ನು ಹಕ್ಕಾಗಿ ಕೇಳಲು ನಿಯಮ ಬಿಡುವುದಿಲ್ಲ, ಆದ್ದರಿಂದ ಮೊದಲೇ ಕೇಳಿದವರಿಗೆ ಸಿಗುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ದಿನವನ್ನು ಒಂದು ತಿಂಗಳು ಮೊದಲೇ ಬರೆದು ಕೊಡಿ. ಆ ವಾರ ಎಲ್ಲರೂ ಕೇಳುತ್ತಾರೆ. ವರ್ಷದ ರಜೆ ಎಲ್ಲಾ ಒಂದೇ ಸಲ ತೆಗೆಯುವುದಕ್ಕಿಂತ ಮೂರು ತಿಂಗಳಿಗೊಮ್ಮೆ ನಾಲ್ಕೈದು ದಿನ ತೆಗೆಯುವುದು ಲೇಸು, ಏಕೆಂದರೆ ದೊಡ್ಡ ರಜೆಯ ಹುರುಪೂ ಕೆಲವೇ ವಾರಗಳಲ್ಲಿ ಆರಿಹೋಗುತ್ತದೆ. ರಜೆ ಹೋಗುವಾಗ ಚಾರ್ಜ್ ಯಾರಿಗೆ ಎಂದು ಬರೆಯದೆ ಹೋದರೆ ರಜೆಯಲ್ಲೂ ಫೋನು ನಿಮಗೇ.

ತೊಗರಿ_ಗಿರಣಿ

ಮ್ಯಾಲಿನ ಉತ್ತರ ಎಲ್ಲಾ ಚಲೋ ಅವ, ಆದ್ರ ಒಂದು ಮಾತು ಯಾರೂ ಅನ್ನವಲ್ರು. 9 ಮಂದಿ ಕೆಲಸ 4 ಮಂದಿ ಮಾಡ್ತಾರ. ಮ್ಯೂಟ್ ಮಾಡಿ, ಟಿಪ್ಪಣಿ ಬರೆದು, ಇಪ್ಪತ್ತು ನಿಮಿಷ ಮಲಗಿದ್ರ 5 ಹುದ್ದೆ ತುಂಬ್ತಾವೇನು? ಬರ್ನೌಟ್ ಅಳೆಯೋ ಪ್ರಶ್ನಾವಳಿ ಮಾಡಿದ ಕ್ರಿಸ್ಟಿನಾ ಮಾಸ್ಲಾಕ್ ಅವರೇ ಹೇಳೋದು ಏನಂದ್ರ, ದೋಷ ಮನಿಷ್ಯಾನಾಗ ಹುಡುಕಬ್ಯಾಡ್ರಿ, ಕೆಲಸದಾಗ ಹುಡುಕ್ರಿ ಅಂತ. ಆರು ಜಾಗಾ ತೋರಿಸ್ತಾರ: ಹೊರೆ, ಕೈಯಾಗಿನ ಅಧಿಕಾರ, ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ಇಲ್ಲಿ ಮೊದಲನೇದೇ ಮುರಿದದ.

ಖಾಸಗಿಯೋರದು ಇನ್ನ ಬ್ಯಾರೆ. ಕಲಬುರಗಿ ಗಂಜಿನಾಗ (ಕಾಳಿನ ಸಗಟು ಪ್ಯಾಟಿ) ಡಿಸೆಂಬರ್‌ದಿಂದ ತೊಗರಿ ಬರಾಕ ಸುರುವಾದ್ರ ಲೆಕ್ಕ ಬರಿಯೋರಿಗೆ ಎರಡು, ಮೂರು ತಿಂಗಳು ಹಗಲು ರಾತ್ರಿ ಒಂದೇ. ಅಲ್ಲಿ "1.30ಕ್ಕ ಬಂದ್" ಅಂದ್ರ ನಗ್ತಾರ. ಅಲ್ಲಿ ಗಡಿ ದಿನದ್ದಲ್ಲ, ಸುಗ್ಗಿದು: ಸುಗ್ಗಿ ಮೊದಲೇ ಮಾತಾಡಿ ವಾರಕ್ಕ ಒಂದು ರಜಾ ಬಿಡಂಗಿಲ್ಲ ಅಂತ, ಹೆಚ್ಚಿನ ತಾಸಿಗೆ ರೇಟ್ ಎಷ್ಟು ಅಂತ, ಸುಗ್ಗಿ ಮುಗಿದ ಮ್ಯಾಲೆ ಎಷ್ಟು ದಿನ ಬಿಡುವು ಅಂತ. ಅಂಗಡಿ, ಖಾಸಗಿ ಆಫೀಸಿಗೆ ಹತ್ತೋದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ವಾರಕ್ಕ 48 ತಾಸು, ಸತತ 5 ತಾಸು ಆದ ಮ್ಯಾಲೆ ಒಂದು ತಾಸು ಬಿಡುವು, ವಾರದ ರಜಾ, ಓವರ್‌ಟೈಮಿಗೆ ಎರಡು ಪಟ್ಟು ಪಗಾರ. ಹೋಗಿ ಕಾಯ್ದೆ ತೋರಿಸಿ ಜಗಳ ತಗೀರಿ ಅಂತಲ್ಲ. ತಾಸಿನ ಲೆಕ್ಕ ಬರೆದಿಡ್ರಿ, ಸುಗ್ಗಿ ಮುಗಿದ ಮ್ಯಾಲೆ ಮಾತಾಡಾಕ ಕೈಯಾಗ ಏನರ ಬೇಕಲ್ಲ.

ವೇಳೆ ಮುಗಿದ ಮ್ಯಾಲೆ ಫೋನ್ ಎತ್ತದಿರೋ ಹಕ್ಕಿನ ಕಾನೂನು ಫ್ರಾನ್ಸಿನಾಗ 2017ರ ಜನವರಿಯಿಂದ ಅದ, ಆಸ್ಟ್ರೇಲಿಯಾದಾಗ 2024ರ ಆಗಸ್ಟ್‌ದಿಂದ. ನಮ್ಮ ಲೋಕಸಭೆದಾಗ ಸುಪ್ರಿಯಾ ಸುಳೆ ಖಾಸಗಿ ಮಸೂದೆ ಮಂಡಿಸಿದ್ರು, ಕಾನೂನಾಗಿಲ್ಲ. ಅಲ್ಲೀತನಕ "ಫ್ರಾನ್ಸಿನಾಗ ಹಂಗದ" ಅಂತ ಸಾಹೇಬ್ರಿಗೆ ಹೇಳಿ ಉಪಯೋಗಿಲ್ಲ.

ಕರಿಮಣ್ಣು

ತೊಗರಿ_ಗಿರಣಿ ಅವರದು ಖರೇ ಮಾತು, ಅದಕ್ಕೇ ಎಣಿಸ್ರಿ ಅಂದಿದ್ದು. ಆ ನೋಟ್‌ಬುಕ್ ಬರೇ ಪಾಳಿಗಲ್ಲ. ನಾಲ್ಕು ಮಂದಿ, ಒಬ್ಬರಿಗೆ ವಾರಕ್ಕ 33 ತಾಸು, ಒಟ್ಟು 132. ಎಣಿಸಿದ ಕೆಲಸ 190 ತಾಸು ಬಂತು ಅನ್ಕೋರಿ, ಉಳಿದ 58 ತಾಸು ಎಲ್ಲಿಂದ ಬರ್ಬೇಕು? ಈ ಒಂದು ಅಂಕಿ ಹಾಕಿ ಹುದ್ದೆ ಕೇಳೋ ಪತ್ರ ಬರೀರಿ. "ಸಿಬ್ಬಂದಿ ಕೊರತೆಯಿಂದ ತೊಂದರೆಯಾಗುತ್ತಿದೆ" ಅನ್ನೋ ಪತ್ರ ಎಲ್ಲಾ ಕಚೇರಿಂದ ಹೋಗ್ತದ, ಯಾರೂ ಓದಂಗಿಲ್ಲ. 371(ಜೆ) ಅಂದ್ರ ಕಲ್ಯಾಣ ಕರ್ನಾಟಕದೋರ ಮೀಸಲಿನ ಹುದ್ದೆ ಯಾವುವು, ಎಷ್ಟು ದಿನದಿಂದ ಖಾಲಿ ಅಂತ ಬ್ಯಾರೆ ತಖ್ತೆ ಹಚ್ಚರಿ. ಹುದ್ದೆ ತುಂಬೋ ತನಕ ಹೊರಗುತ್ತಿಗಿ ಮ್ಯಾಲೆ ಒಬ್ಬ ಡಾಟಾ ಎಂಟ್ರಿ ಆಪರೇಟರ್ ಕೇಳೋದು ಸಿಗಬಹುದಾದ ಬೇಡಿಕೆ.

ಅದೂ ಸಿಗದಿದ್ರ ಏನು ನಿಲ್ಲಿಸಬೇಕು ಅಂತ ಪಟ್ಟಿ ಮಾಡಿ ಸಹಿ ತಗೋರಿ. ಯಾರೂ ತೆರೆಯದ ರಿಜಿಸ್ಟರ್ ಎರಡು, ಮೂರು ಎಲ್ಲಾ ಕಚೇರ್ಯಾಗ ಇರ್ತಾವ. ಆನ್‌ಲೈನ್‌ದಾಗ ಇದ್ದದ್ದೇ ಮತ್ತ ಕೈಲೆ ಬರಿಯೋದು ಮೊದಲು ಬಿಡಬೇಕು. ಹೇಳದೇ ಬಿಟ್ರ ಅದು ಕರ್ತವ್ಯಲೋಪ, ಬರೆದು ಬಿಟ್ರ ಅದು ಆದ್ಯತೆ.

ಭೀಮಾ_ದಂಡಿ

ಎರಡು ಸಂಶಯ. ಒಂದು, ಜಿಲ್ಲಾ ಗ್ರೂಪಿನಾಗ 2 ಗಂಟೆಗೆ ಲಿಂಕ್ ಹಾಕಿ 3ಕ್ಕ ವಿ.ಸಿ. ಅಂತಾರ. ಪಾಳಿ 4.30ಕ್ಕ ಸುರು ಆದ್ರ ಅದು ತಪ್ತದ. ಎರಡು, ಕಚೇರಿ ಬಿಟ್ಟು ಮನಿಗೆ ಬಂದ್ರ ಬೀಗರು, ಓಣಿಯೋರು ಕಾಗದ ಹಿಡ್ಕೊಂಡು ಕುಂತಿರ್ತಾರ. ಬ್ಯಾಸಗ್ಯಾಗ "ಮಧ್ಯಾಹ್ನ ಖಾಲಿ ಇರ್ತೀರಲ್ಲ" ಅಂತ ಇನ್ನ ಹೆಚ್ಚು. ಹೆಣ್ಮಕ್ಕಳಿಗಂತೂ 1.30 ಆದ್ರ ಮನಿ ಕೆಲಸ ಎಲ್ಲಾ ಅವರ ಮ್ಯಾಲೆ.

ಸುರಂಗ_ಬಾವಿ

ವಿ.ಸಿ. ಸಲುವಾಗಿ: 14 ಗ್ರೂಪಿನಾಗ ಆದೇಶ ಬರೋದು ಮೂರು, ನಾಲ್ಕರಾಗ ಅಷ್ಟೇ. ಜಿಲ್ಲಾದೋರಿಗೆ ಹೇಳಿ "ಆದೇಶ" ಅಂತ ಒಂದೇ ಗ್ರೂಪ್ ಮಾಡಿಸ್ರಿ, ಸೆಟ್ಟಿಂಗಿನಾಗ ಅಡ್ಮಿನ್ ಮಾತ್ರ ಬರಿಯೋ ಹಂಗ. ಶುಭಾಶಯ ಬರಾಕ ದಾರಿನೇ ಇರಂಗಿಲ್ಲ. ಅದೊಂದು ಮ್ಯೂಟ್ ಮಾಡಬ್ಯಾಡ್ರಿ, ಉಳಿದವೆಲ್ಲಾ ಮಾಡ್ರಿ. ಪಾಳಿಯವರು 2.15ಕ್ಕ ಒಂದ್ಸಲ, 4.30ಕ್ಕ ಒಂದ್ಸಲ ನೋಡ್ಲಿ. 2.15ಕ್ಕ ಎರಡು ನಿಮಿಷ ನೋಡಿ ಫೋನ್ ಇಟ್ರ ಊಟ ಕೆಡಂಗಿಲ್ಲ. ಊಟದ ತಾಟಿನ ಬಾಜೂ ಫೋನ್ ಇಟ್ಕೊಂಡು ಕುಂತ್ರ ಕೆಡ್ತದ.

ಕಾರಂಜಾ_ನೀರು

ಹೆಣ್ಣುಮಕ್ಕಳ ವಿಷಯ ಅಡಿಟಿಪ್ಪಣಿಯಲ್ಲ. 5ಕ್ಕೆ ಎದ್ದು ಬುತ್ತಿ ಕಟ್ಟಿ, 8ಕ್ಕೆ ಕಚೇರಿ ಮುಟ್ಟಿ, 2ಕ್ಕೆ ಬಿಸಿಲಲ್ಲಿ ಬಂದವರ ಕೈಗೆ ರೊಟ್ಟಿ ಹಿಟ್ಟು ಕೊಟ್ಟರೆ ಪಾಳಿ ಪಟ್ಟಿಯಿಂದ ಏನೂ ಉಳಿಯುವುದಿಲ್ಲ. ಮನೆಯಲ್ಲಿ ಕೇಳಬೇಕಾದದ್ದು "ಸಹಾಯ ಮಾಡಿ" ಎಂದಲ್ಲ, ಹೆಸರು ಹಚ್ಚಿದ ಕೆಲಸ: ಮಧ್ಯಾಹ್ನದ ಊಟ ಬಡಿಸಿ ಪಾತ್ರೆ ತೊಳೆಯುವುದು ಇವರದು, ಸಂಜೆ ನೀರು ತುಂಬುವುದು ಅವರದು. ಖಟಕ್ ರೊಟ್ಟಿ ವಾರಕ್ಕೆ ಎರಡೇ ಸಲ ಬಡಿದಿಟ್ಟರೆ ದಿನಾ ಒಲೆ ಮುಂದೆ ನಿಲ್ಲುವ ಗಂಟೆ ಉಳಿಯುತ್ತದೆ. ಶೇಂಗಾ ಹಿಂಡಿ, ಮೊಸರು ಇದ್ದರೆ ಬೇಸಿಗೆಯಲ್ಲಿ ಊಟ ಆಯಿತು. 2.30ರಿಂದ 3.15 ಬಾಗಿಲು ಹಾಕಿದ ಕೋಣೆ. ಮೊದಲ ವಾರ ಎಲ್ಲರೂ ಮುಖ ನೋಡುತ್ತಾರೆ. ಬಾಗಿಲು ತೆಗೆಯಬೇಡಿ.

ಹಳೇ_ಟಪಾಲು

ಮನೆಗೆ ಕಾಗದ ತರುವವರಿಗೆ ಚಹಾ ಕೊಡಿ, ಕಾಗದ ಮುಟ್ಟಬೇಡಿ. ಇದು ಕಠಿಣ ಮಾತಲ್ಲ, ಅವರ ಹಿತವೇ. ಮನೆಯಲ್ಲಿ ಇಸಿದುಕೊಂಡ ಅರ್ಜಿಗೆ ಆವಕ ಸಂಖ್ಯೆ ಇರುವುದಿಲ್ಲ. ಸಂಖ್ಯೆ ಇಲ್ಲದ ಅರ್ಜಿ ಕಚೇರಿಯ ಲೆಕ್ಕದಲ್ಲಿ ಬಂದೇ ಇಲ್ಲ. ಅದು ಕಳೆದರೆ ಹೊಣೆ ನಿಮ್ಮದು, ಗಡುವಿನ ದಿನ ಎಣಿಸುವುದೂ ಸುರುವಾಗುವುದಿಲ್ಲ. "ನಾಳಿ 9ಕ್ಕ ಟಪಾಲಿನ್ಯಾಗ ಕೊಟ್ಟು ಸ್ವೀಕೃತಿ ತಗೋರಿ, ಆ ನಂಬರ್ ನನಗ ಹೇಳ್ರಿ, ಎಲ್ಲಿಗೆ ಬಂತು ಅಂತ ನೋಡ್ತೀನಿ" ಎನ್ನಿ. ನಂಬರ್ ತಂದವರ ಕಡತ ನಿಜವಾಗಿಯೂ ನೋಡಿ. ಎರಡು, ಮೂರು ಮಂದಿಗೆ ಹಾಗೆ ಕೆಲಸ ಆಯಿತೆಂದರೆ ಓಣಿಯಲ್ಲಿ ಸುದ್ದಿ ತಾನೇ ಹರಡುತ್ತದೆ, ಮಧ್ಯಾಹ್ನ ಮನೆ ಕಟ್ಟೆಗೆ ಬರುವವರು ಬೆಳಿಗ್ಗೆ ಟಪಾಲು ಟೇಬಲ್ಲಿಗೆ ಬರುತ್ತಾರೆ. ಬರೆಯಲು ಬಾರದ ಹಿರಿಯರು ಬಂದರೆ ಮಾತ್ರ ಅರ್ಜಿ ಅಲ್ಲೇ ಬರೆದು ಕೊಡಿ, ಐದು ನಿಮಿಷದ್ದು. ಆದರೆ ಕಾಗದ ಅವರ ಕೈಯಲ್ಲೇ ಇರಲಿ.